ರಂಜಣಗಿಯ ಪಕ್ಕದ ವೈಫೈ

ನನ್ನ ಖೋಲಿಯ ಮಾಲಕಿ ಅವ್ವನ ಎಡಗಾಲು ಸದಾ ಬಾತುಕೊಂಡಿರುತ್ತಿತ್ತು. ಆ ಕಾಲನ್ನೆಳೆಯುತ್ತಲೇ ಬೆಳಗಾಗೆದ್ದು, ಮನೆಮುಂದಿನ ಕಟ್ಟೆಯ ಮೇಲಿದ್ದ ಮಣ್ಣಿನ ರಂಜಣಗಿಗೆ ನೀರು ತುಂಬುತ್ತಿದ್ದಳು. ಲಿಂಗಪೂಜೆ ಆಮೇಲೆ. ಹೋಗಿಬರುವವರು ಯಾರಾದರೂ ಕುಡಿಯಬಹುದಿತ್ತು. ಕುಡಿದವರ ಹೆಸರು ಕೇಳುವ ರೂಢಿ ಆ ಮನೆಯಲ್ಲಿರಲಿಲ್ಲ.

ಜಹೀರಾಬಾದಿನಲ್ಲಿ ಕಂಪ್ಯೂಟರ್ ರಿಪೇರಿಗೆಂದು ನಾನು ಖೋಲಿ ಹುಡುಕುತ್ತಿದ್ದಾಗ, ಎಲ್ಲ ಕಡೆ ಬಾಡಿಗೆಗಿಂತ ಮೊದಲು ‘ಯಾವ ಮಂದಿ’ ಎಂಬ ಜಾತಿಯ ಪ್ರಶ್ನೆ. ಕೊಹೀರ್ ಕಡೆಯ ಬೌದ್ಧರು ಎನ್ನುವಷ್ಟರಲ್ಲಿ ಖೋಲಿ ಬೇರೆಯವರಿಗೆ ಹೋಗಿಬಿಟ್ಟಿರುತ್ತಿತ್ತು. ಈ ಮಾಲಕಿ ಅವ್ವ ಕೇಳಿದ್ದು ಬೇರೆ: “ಖೋಲ್ಯಾಗ ಒಲಿ ಇಲ್ಲ, ಮಧ್ಯಾನ ಉಣ್ಣಾಕ ಏನ್ ಮಾಡ್ತೀ?”

ಆಕೆಯ ಮಗ ಅಡತಿ ವ್ಯಾಪಾರಿ. ಪೇಟೆ ಧಾರಣೆ ನೋಡಲು ಅವ್ವನ ಹೆಸರಿನಲ್ಲಿ ಇಂಟರ್ನೆಟ್ ಹಾಕಿಸಿದ. ಆತ ವೈಫೈಗೆ ಪಾಸ್‌ವರ್ಡ್ ಇಡುತ್ತೇನೆಂದರೆ ಅವ್ವ ಬಿಡಲಿಲ್ಲ. “ರಂಜಣಗಿಗಿ ಯಾರರೆ ಕೀಲಿ ಹಾಕ್ತಾರೇನೋ?” ತೆಲಂಗಾಣ ಹೋರಾಟದ ದಿನಗಳವು. ಬಂದ್ ಆದರೆ ಬಸ್ಸಿಲ್ಲ, ನೆಟ್ ಸೆಂಟರಿಗೆ ಬೀಗ. ಓಣಿಯ ಹುಡುಗರೆಲ್ಲ ನೀರು ಕುಡಿಯುತ್ತ, ಫೋನು ತಿಕ್ಕುತ್ತ ಆ ಕಟ್ಟೆಯ ಮೇಲೆಯೇ. ಅವ್ವನಿಗೆ ಅದೇ ಹಬ್ಬ.

ಒಂದು ದಿನ ಪೊಲೀಸರು ಬಂದರು. ಯಾರೋ ಈ ಕನೆಕ್ಷನ್ನಿನಿಂದ ಅಧಿಕಾರಿಯೊಬ್ಬರಿಗೆ ಬೆದರಿಕೆಯ ಮೇಲ್ ಕಳಿಸಿದ್ದರಂತೆ. ಅವ್ವನನ್ನು ಠಾಣೆಗೆ ಕರೆಸಿ, ಕಟ್ಟೆಯ ಮೇಲೆ ಕೂಡುವವರು ಯಾರ್ಯಾರು ಎಂದು ಕೇಳಿದರು. ಖೋಲಿಯವನ, ಅಂದರೆ ನನ್ನ, ಮೇಲೆ ಗುಮಾನಿ ಎಂದು ಒಂದು ಮಾತು ಹೇಳಿದರೂ ಸಾಕು, ಮನೆಗೆ ಹೋಗಬಹುದು ಎಂದರು. “ಹೇಳಿಬಿಡ್ ಯವ್ವಾ” ಎಂದು ಮಗನೂ ಗೋಗರೆದ. ಇದನ್ನೆಲ್ಲ ಆತನೇ ಮುಂದೊಮ್ಮೆ ನನಗೆ ಹೇಳಿದ್ದು. ಅವ್ವ ಅಂದಳಂತೆ: “ಆಂವ ಅಲ್ರಿ. ನೀರು ಕುಡದವ್ರ ಹೆಸರ್ ನಾ ಕೇಳಿಲ್ಲ. ಕನೆಕ್ಷನ್ ನಂದದ, ನನ್ನೇ ಕೂಡಿಸ್ಕೋರಿ.”

ಕೂಡಿಸಿದರು. ಬಿಸಿಲಲ್ಲಿ ಕರೆಸುವುದು, ಸಂಜೆಯವರೆಗೆ ಬೆಂಚಿನ ಮೇಲೆ ಕಾಯಿಸುವುದು. ಕಾಲು ಮೊಳಕಾಲಿನ ತನಕ ಉಬ್ಬಿತು. ಕೊನೆಗೆ ಸುಸ್ತಾಗಿ ಅವರೇ ಕೈಬಿಟ್ಟರು. ಆ ಮೇಲ್ ಕಳಿಸಿದವರು ಯಾರೆಂದು ನನಗೆ ಇಂದಿಗೂ ಗೊತ್ತಿಲ್ಲ.

ಮಗನ ಮಾತಿಗೆ ನಾನೇ ರೂಟರಿನ ಸೆಟ್ಟಿಂಗ್ ತೆರೆದು ಗಟ್ಟಿ ಪಾಸ್‌ವರ್ಡ್ ಇಟ್ಟೆ. ಅವ್ವನ ಫೋನೇ ವೈಫೈಗೆ ಸೇರದಾಯಿತು. ಅದರಲ್ಲಿದ್ದ ಹಳೆಯ ಕನೆಕ್ಷನ್ ಅಳಿಸಿ ಮತ್ತೆ ಜೋಡಿಸಿ, ಹೊಸ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದುಕೊಟ್ಟೆ. ಮರುದಿನ ನೋಡಿದರೆ ರಂಜಣಗಿಯ ಮೇಲಿನ ಗೋಡೆಗೆ ಆ ಪಾಸ್‌ವರ್ಡನ್ನೇ ಸುಣ್ಣದಿಂದ ದಪ್ಪಗೆ ಬರೆದಿದ್ದಳು! ಆದರೆ ಓದುವವರೇ ಬರಲಿಲ್ಲ. ಪೊಲೀಸರು ಬಂದ ಕಟ್ಟೆಯೆಂದು ಹುಡುಗರು ದಾರಿ ಬದಲಿಸಿದ್ದರು. ನೀರು ಹಾಗೇ ಉಳಿಯತೊಡಗಿತು. ಸಂಜೆ ಅದನ್ನು ಬೇವಿನ ಬುಡಕ್ಕೆ ಸುರಿಯುತ್ತ, “ಇದರೆ ಕುಡೀಲಿ” ಅನ್ನುತ್ತಿದ್ದಳು.

ಬೇರೆ ರಾಜ್ಯವಾಗಿ ಊರು ಪಟಾಕಿ ಹಾರಿಸುವ ಮೊದಲೇ ಅವ್ವ ಹೋದಳು. ಕುಣಿಯಲ್ಲಿ ಕೂಡಿಸಿ ಮಣ್ಣು ಕೊಡುವಾಗ ನಾನೂ ಒಂದು ಹಿಡಿ ಎತ್ತಿಕೊಂಡೆ. ಬೀಗರ ಪೈಕಿಯ ಹಿರಿಯರೊಬ್ಬರು ನನ್ನ ಕೈ ಹಿಡಿದು ಕೇಳಿದರು: “ಯಾವ ಮಂದ್ಯೋ ನೀ?”

“ಅವ್ವನ ರಂಜಣಗಿ ನೀರು ಕುಡದಾಂವ್ರಿ,” ಎಂದೆ.