ಎಡಕ್ಕೆ ದೂರು, ಬಲಕ್ಕೆ ಮದ್ದು

ಧರ್ಮ ಮತ್ತು ರಾಜಕೀಯ ಚಿಂತನೆಯ ಅಧ್ಯಯನದಲ್ಲಿ ಖಂಡಿಸುವವರಿಗಾಗಲಿ ಕೊಂಡಾಡುವವರಿಗಾಗಲಿ ಎಂದೂ ಬರವಿರಲಿಲ್ಲ, ಬರವಿದ್ದದ್ದು ಕೇಳಿಸಿಕೊಳ್ಳುವವರಿಗೆ. ತೀವ್ರವಾದಿ ಇಸ್ಲಾಮೀ ಚಿಂತಕರಿಗೆ ತಲೆಬಾಗದೆ, ಅವರನ್ನು ತಲೆಕೆಟ್ಟವರೆಂದು ತಳ್ಳಿಯೂ ಹಾಕದೆ, ಮೂರು ದಶಕ ಅವರ ಬರಹಗಳನ್ನು ಪಾಠ ಮಾಡಿ ಈಗ ನಿವೃತ್ತರಾಗುತ್ತಿರುವ ನಮ್ಮ ಗುರುಗಳು ಆ ಕೊರತೆಯನ್ನು ನೀಗಿದವರು. ವಿದ್ಯಾರ್ಥಿಗಳ ಬಾಯಲ್ಲಿ ಅವರು ‘ದೂರು ಮೇಡಂ’. ಈ ಅಡ್ಡಹೆಸರು ಅವರ ಕಿವಿಗೆ ಬಿದ್ದಿಲ್ಲವೆಂದು ನಾವು ನಂಬಿದ್ದೆವು. ಒಮ್ಮೆ ಫೋನೆತ್ತಿ ಅವರೇ “ಹಲೋ, ದೂರು ಮೇಡಂ” ಎಂದಾಗ ನಮಗೆಲ್ಲ ಭೂಮಿ ಬಾಯಿಬಿಡಬಾರದೇ ಎನಿಸಿತ್ತು.

ಹೆಸರು ಬಂದದ್ದು ಕರಿಹಲಗೆಯಿಂದ. ಯಾವ ಚಿಂತಕನನ್ನು ಕೈಗೆತ್ತಿಕೊಂಡರೂ ಹಲಗೆಯ ನಡುವೆ ಗೆರೆ ಎಳೆದು (ಅದು ಎಂದೂ ನೆಟ್ಟಗೆ ಬಂದದ್ದಿಲ್ಲ) ಎಡಕ್ಕೆ ‘ದೂರು’, ಬಲಕ್ಕೆ ‘ಮದ್ದು’ ಎಂದು ಬರೆಯುತ್ತಿದ್ದರು. ಪರದೇಶದ ದೊರೆಗಳು ಹೋದರೂ ಅವರ ಸೆರೆಮನೆಗಳು ಉಳಿದದ್ದು, ಉಳ್ಳವರ ದರ್ಬಾರು, ನಗರದಲ್ಲಿ ಯಾರಿಗೂ ಯಾರೂ ಆಗದ ಬಾಳು, ಮನುಷ್ಯನೇ ಮನುಷ್ಯನಿಗೆ ಒಡೆಯನಾಗುವ ಅನ್ಯಾಯ, ಎಲ್ಲವೂ ಎಡಕ್ಕೆ. ಆ ಚಿಂತಕನೇ ಬಂದು ಓದಿದರೂ ಹೌದೆನ್ನುವಂತೆ ಎಡಭಾಗ ತುಂಬುವ ತನಕ ಬಲಭಾಗಕ್ಕೆ ಸೀಮೆಸುಣ್ಣ ತಾಗಿಸಲು ಅಪ್ಪಣೆಯಿರಲಿಲ್ಲ. ಹೀಗಾಗಿ ಅವರ ತರಗತಿ ಹೊತ್ತಿಗೆ ಸರಿಯಾಗಿ ಮುಗಿದದ್ದೂ ಇಲ್ಲ.

“ಬೆಂಕಿ ಜೊತೆ ಸರಸ ಯಾಕೆ ಮೇಡಂ?” ಎಂದು ವಿಭಾಗದ ಮುಖ್ಯಸ್ಥರು ಒಮ್ಮೆ ಕೇಳಿದ್ದರು.

“ಕಟ್ಟಿಗೆ ಯಾಕೆ ಇಷ್ಟು ಒಣಗಿದೆ ಅಂತ ನೋಡ್ತಿದೀನಿ ಸಾರ್” ಎಂದು ಮೇಡಂ ಹಾಜರಿ ಪುಸ್ತಕ ಎತ್ತಿಕೊಂಡು ತರಗತಿಗೆ ನಡೆದರು.

ನನ್ನ ಮಟ್ಟಿಗೆ ಇದು ಬರೀ ಪುಸ್ತಕದ ಪಾಠವಾಗಿರಲಿಲ್ಲ. ಪದವಿ ಮುಗಿಸಿ ಕೆಲಸ ಹುಡುಕುತ್ತಿದ್ದ ನನ್ನ ಅಣ್ಣನನ್ನು ಪೊಲೀಸರು ಬರೀ ಅನುಮಾನದ ಮೇಲೆ ಹಿಡಿದು, ಹೊಡೆದು, ಒಂದು ಕ್ಷಮೆಯ ಮಾತೂ ಇಲ್ಲದೆ ಬಿಟ್ಟಿದ್ದರು. ದರ್ಜಿಯಾಗಿದ್ದ ತಂದೆ “ಬಾಯ್ಮುಚ್ಕೊಂಡು ಅಂಗಡಿಗೆ ಬಾ” ಎಂದರೇ ಹೊರತು ಏನಾಯಿತೆಂದು ಕೇಳಲಿಲ್ಲ. ಕೇಳಿದವರು ಬೇರೆಯವರು, ಅವರು ಗಡಿ ದಾಟಿ ಹೋರಾಡಲು ಹೊರಟಿದ್ದ ಇಬ್ಬರು ಗೆಳೆಯರು. ಅಣ್ಣನೂ ಹೊರಡುವುದರಲ್ಲಿದ್ದ. ನಾನು ಅತ್ತುಕೊಂಡು ಹೇಳಿದಾಗ ಮೇಡಂ ಅಂದದ್ದು ಇಷ್ಟೇ: “ನಾಳೆ ಕ್ಲಾಸಿಗೆ ಕರ್ಕೊಂಡ್ ಬಾಮ್ಮ. ಬೈಯಲ್ಲ ಅಂತ ಹೇಳು.”

ಬಂದವನ ಕೈಗೆ ಸೀಮೆಸುಣ್ಣ ಕೊಟ್ಟರು. ಅಣ್ಣ ಎಡಭಾಗವನ್ನು ಮೇಲಿಂದ ಕೆಳಗಿನವರೆಗೆ, ಕೊನೆಗೆ ಮಂಡಿಯೂರಿ ಕೂತು ತುಂಬಿಸಿದ. ಮೇಡಂ ಅಷ್ಟನ್ನೂ ಗಟ್ಟಿಯಾಗಿ ಓದಿದರು.

“ಇದರಲ್ಲಿ ನಾನು ತಿದ್ದೋದು ಎರಡು ಕಾಗುಣಿತ, ಅಷ್ಟೇ” ಎಂದರು. ತರಗತಿ ನಕ್ಕಿತು, ಅಣ್ಣನೂ ನಕ್ಕ. “ಈಗ ಬಲಗಡೆ. ದೇವರ ಆಳ್ವಿಕೆ ಅಂತ ಬರೀತೀಯ, ಬರಿ. ಆದ್ರೆ ದೇವರ ಹೆಸರಲ್ಲಿ ತೀರ್ಪು ಕೊಡೋನು ಮನುಷ್ಯನೇ ತಾನೇ? ಅವನು ನಿನ್ನನ್ನ ಸುಮ್ಮಸುಮ್ಮನೆ ಹಿಡಿದು ಹೊಡೆದ್ರೆ, ಯಾರ ಹತ್ರ ಹೋಗ್ತೀಯಪ್ಪ?”

“ನಮ್ಮವರು ಹಾಗೆ ಮಾಡಲ್ಲ.”

“ಠಾಣೆಯವರೂ ಹಾಗೇ ಹೇಳ್ತಾರೆ.”

ಅಣ್ಣ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟ. “ಯೋಚನೆ ಮಾಡಿ ಹೇಳ್ತೀನಿ” ಎಂದು ಹೊರಟುಹೋದ. ಮರುವಾರ ಉತ್ತರದೊಂದಿಗೆ ಬಂದ. ಮೇಡಂ ಅದನ್ನು ಬಿಡಿಸಿ ಬಿಡಿಸಿ ಕೇಳಿದರು, ಆ ಪ್ರಶ್ನೆಗಳ ಮುಂದೆ ಅದು ನಿಲ್ಲಲಿಲ್ಲ. ಮತ್ತೊಂದು ತಂದ. ಈ ವಾದದ ನಡುವೆಯೇ ಗೆಳೆಯರು ಹೊರಡುವ ದಿನ ಬಂತು. ಸೋತು ಹೋಗುವ ಜಾಯಮಾನ ಅವನದಲ್ಲ. ಮೇಡಂಗೆ ಜವಾಬು ಕೊಡದೆ ಹೋಗಲಾರೆನೆಂದು ಉಳಿದ. ಹೋದ ಇಬ್ಬರೂ ತಿರುಗಿ ಬರಲಿಲ್ಲ.

ಇಂದು ಅಣ್ಣ ವಕೀಲ. ಪೊಲೀಸರು ಸುಮ್ಮನೆ ಹಿಡಿದವರ ಪರ ನ್ಯಾಯಾಲಯದಲ್ಲಿ ಏರುದನಿಯಲ್ಲಿ ವಾದಿಸುತ್ತಾನೆ. ಮೇಡಂ ಹೇಳುವುದರಲ್ಲಿ ಅರ್ಧವನ್ನು ಈಗಲೂ ಒಪ್ಪುವುದಿಲ್ಲ. ರಜೆಯ ದಿನ ಅವರ ಮನೆಗೇ ಹೋಗಿ ಚಹಾ ಆರುವ ತನಕ ಜಗಳವಾಡುತ್ತಾನೆ. ಗುರುಗಳಿಗೆ ನೂರು ವರ್ಷದ ಆಯುಸ್ಸು, ಗಟ್ಟಿ ದನಿ, ಕೈತುಂಬ ಬರವಣಿಗೆ ಇರಲೆಂದು ನಾನು ಬೇಡುವುದರಲ್ಲಿ ಸ್ವಾರ್ಥವೂ ಇದೆ. ಅಣ್ಣನಿಗೆ ಜಗಳವಾಡಲು ಅವರು ಬೇಕು. ನನಗೆ ಜಗಳವಾಡಲು ಅಣ್ಣ ಇದ್ದಾನೆ.