ಬಿಳಿ ಬಟ್ಟೆಗೆ ಕತ್ತರಿ

ಹುಮನಾಬಾದಿನ ಹೊಲಿಗೆ ತರಬೇತಿ ಕೇಂದ್ರದ ಬಾಗಿಲಿಗೆ ಬೀಗ ಬಿದ್ದಿತ್ತು. ತನ್ನೂರು ಘಾಟಬೋರಾಳದಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದ ರತ್ನಮಾಲಾ ಬೀಗವನ್ನೊಮ್ಮೆ ಎಳೆದು ನೋಡಿದಳು. ಹೊಲಿಗೆ ಕಲಿಸುವ ವಿಜಯಶ್ರೀ ಟೀಚರ್ ಮೆಟ್ಟಿಲ ಮೇಲೆ ಕೂತಿದ್ದರು.

“ಅನುದಾನ ಬಂದ್ ಆಗ್ಯಾದವ್ವ. ಇನ್ನ ಬಸವಕಲ್ಯಾಣದಾಗ ಅಷ್ಟೇ ಕ್ಲಾಸ್ ನಡೀತಾವ, ಅದೂ ದೀಪಾವಳಿ ಆದ ಮ್ಯಾಲ.”

“ಕಟಿಂಗ್ ಕಲಸೋದು ಉಳದದಲ್ರಿ ಟೀಚರ್?”

“ಏನ್ ಮಾಡ್ಲಿ? ನನ್ನ ನೌಕರಿನೂ ಹೋಯ್ತು.”

ಹೊಲಿಯುವುದು ಮೊದಲು, ಕತ್ತರಿಸುವುದು ಕೊನೆಗೆ. ಕೇಂದ್ರದ ಪದ್ಧತಿಯೇ ಹಾಗೆ. ಅಲ್ಲಿಯವರೆಗೆ ಟೀಚರೇ ಬಟ್ಟೆ ಕತ್ತರಿಸಿ ಕೊಡುತ್ತಿದ್ದರು. ಕೊನೆಯ ಪಾಠ ಬರುವಷ್ಟರಲ್ಲಿ ಮೇಲಿನವರಿಗೆ ಉಳಿತಾಯದ ನೆನಪಾಗಿತ್ತು. ಅರ್ಧ ವಿದ್ಯೆ ಕೊಟ್ಟು ಕೈ ತೊಳೆದುಕೊಳ್ಳುವುದರಲ್ಲಿ ಅವರನ್ನು ಮೀರಿಸುವವರಿಲ್ಲ.

ರತ್ನಮಾಲಾಳ ಭಯ ಅವಳ ಚೀಲದಲ್ಲೇ ಇತ್ತು. ಪಕ್ಕದ ಮನೆಯ ವಿಶಾಖಾಳ ಮದುವೆ ಹತ್ತಿರ ಬಂದಿತ್ತು. ಬೌದ್ಧರ ಮದುವೆ, ಬಿಳಿ ಸೀರೆ, ಬಿಳಿ ಕುಪ್ಪಸ. ಬುದ್ಧವಿಹಾರದಲ್ಲಿ ಎಲ್ಲರೆದುರು “ಜಂಪರ್ ನಾನೇ ಹೊಲೀತೀನಿ” ಎಂದು ಜಂಬದಿಂದ ಬಟ್ಟೆ ಪಡೆದುಕೊಂಡಿದ್ದಳು. ಚೀಲದಲ್ಲಿದ್ದ ಆ ಬಟ್ಟೆ ಕೆಡಿಸಿದರೆ ಓಣಿಯಲ್ಲಿ ಇನ್ಯಾರೂ ಬಟ್ಟೆ ಕೊಡುವುದಿಲ್ಲ. ಮತ್ತೆ ಕಂಡವರ ಹೊಲದಲ್ಲಿ ಕಳೆ ಕೀಳುವುದೇ ಗತಿ.

ಮನೆಗೆ ಬಂದು ಬಟ್ಟೆ ಹಾಸಿದಳು. ಕತ್ತರಿ ಹಿಡಿದಳು, ಇಟ್ಟಳು. ಬೆವರಿದ ಕೈಯ ಕಲೆ ಬಿದ್ದೀತೆಂದು ಸೆರಗಿಗೆ ಒರೆಸಿಕೊಂಡಳು. ತಿರುಗಿ ಕೊಟ್ಟುಬಿಡೋಣವೆಂದರೆ ಮುಖ ಎಲ್ಲಿಡುವುದು?

ಆಗ ಟ್ರಂಕಿನಲ್ಲಿದ್ದ ತನ್ನದೇ ಮದುವೆಯ ಕುಪ್ಪಸ ನೆನಪಾಯಿತು. ತನ್ನ ಮದುವೆಯ ಹೊತ್ತಿಗೆ ಅವಳೂ ವಿಶಾಖಾಳಷ್ಟೇ ಸಣಕಲು ಹುಡುಗಿ; ಅದರ ಅಳತೆ ಇವಳಿಗೂ ಹೊಂದೀತು. ಆದರೆ ಆ ದಿನದ ಗುರುತೆಂದು ಉಳಿದದ್ದು ಅದೊಂದೇ. ಅದನ್ನು ಬಿಚ್ಚಿ, ಅದೂ ಹೋಗಿ ಈ ಹೊಸ ಬಟ್ಟೆಯೂ ಕೆಟ್ಟರೆ? ಹೆದರುತ್ತಲೇ ಹೊಲಿಗೆ ಒಂದೊಂದಾಗಿ ಬಿಚ್ಚಿದಳು. ಬಿಡಿ ತುಂಡುಗಳನ್ನು ಹೊಸ ಬಟ್ಟೆಯ ಮೇಲಿಟ್ಟು, ಸುತ್ತ ಗೆರೆ ಎಳೆದು, ಉಸಿರು ಬಿಗಿಹಿಡಿದು ಕತ್ತರಿ ಆಡಿಸಿದಳು.

ಮದುವೆಯ ಮುನ್ನಾದಿನ ವಿಶಾಖಾ ಕುಪ್ಪಸ ತೊಟ್ಟು ಬಂದಳು. ತೋಳೆತ್ತಿದಳು, ಬಗ್ಗಿದಳು. ಎಲ್ಲೂ ಹಿಡಿಯಲಿಲ್ಲ. ರತ್ನಮಾಲಾ ಗೋಡೆಗೊರಗಿ ಕೂತೇಬಿಟ್ಟಳು.

“ಎಷ್ಟ್ ಛಂದ ಆಗ್ಯಾದ ಅಕ್ಕಾ! ಗಂಡನ ಮನಿ ಹುಮನಾಬಾದದಾಗೇ ಅದ, ನಾನೂ ನಿನ್ನ ಸೆಂಟರಿಗಿ ಹೋಗಿ ಕಲೀತೀನಿ.”

“ಅದು ಬಂದ್ ಆಗ್ಯಾದ.”

“ಹಂಗಾದ್ರ ನನಗ ಯಾರ್ ಕಲಸ್ತಾರ?”

“ನಾನೇ ಕಲಸ್ತೀನಿ, ಬಾ” ಎಂದುಬಿಟ್ಟಳು ರತ್ನಮಾಲಾ. ಅಂದ ಮೇಲೆ ಟ್ರಂಕಿನ ಮೇಲಿದ್ದ ತನ್ನ ಹಳೆಯ ಕುಪ್ಪಸದ ಬಿಡಿ ತುಂಡುಗಳತ್ತ ನೋಡಿದಳು. ಅವಳಿಗೆ ಗೊತ್ತಿದ್ದದ್ದು ಅದೊಂದೇ ಅಳತೆ.