ಹುಬ್ಬಿಲ್ಲದ ತೋಳ

ಶಹಾಬಾದಿನ ಪೇಂಟರ್ ಗುರುಲಿಂಗಯ್ಯ ತನ್ನ ಅರವತ್ತೊಂದು ವರ್ಷದ ಬಾಳಿನಲ್ಲಿ ಕಣ್ಣಾರೆ ಕಂಡ ಕಾಡುಪ್ರಾಣಿಗಳು ಎರಡೇ. ಒಂದು, ಟಾಕೀಸಿನ ಪರದೆಯ ಹಿಂದೆ ಮರಿ ಹಾಕಿದ್ದ ಮುಂಗುಸಿ. ಇನ್ನೊಂದು, ವಾಡಿ ಜಂಕ್ಷನ್ನಿನ ಪ್ಲಾಟ್‌ಫಾರಂ ಮೇಲೆ ಅವನ ಕೈಯಿಂದ ಭಜಿಯ ಪೊಟ್ಟಣ ಕಸಿದುಕೊಂಡು, ಮೆಣಸಿನಕಾಯಿಯನ್ನು ಮಾತ್ರ ವಾಪಸು ಎಸೆದ ಕೋತಿ. ಇಷ್ಟು ಅನುಭವವಿದ್ದ ಮನುಷ್ಯ ಚಿಂಚೋಳಿಯ ಅರಣ್ಯ ಕಚೇರಿಯ ನಲವತ್ತು ಅಡಿ ಗೋಡೆಯ ಮೇಲೆ ಕಾಡಿನ ಪ್ರಾಣಿಗಳನ್ನು ಬರೆಯಲು ಒಪ್ಪಿಕೊಂಡಿದ್ದ. ಒಪ್ಪಿಕೊಳ್ಳುವ ವಿಷಯದಲ್ಲಿ ಅವನಷ್ಟು ಧೈರ್ಯಶಾಲಿ ಆ ಸೀಮೆಯಲ್ಲಿ ಇರಲಿಲ್ಲ.

ಅವನ ವಿದ್ಯೆ ಟಾಕೀಸಿನದು. ಹತ್ತೊಂಬತ್ತು ವರ್ಷ ಶಹಾಬಾದಿನ ಒಂದು ಟಾಕೀಸಿಗೆ ಬಟ್ಟೆಯ ಬ್ಯಾನರು ಬರೆದಿದ್ದ. ಜಂಗಮ ಅಯ್ಯನವರ ಮನೆತನದ ಹುಡುಗ ಭಕ್ತರ ಮನೆಯ ಬಿನ್ನಹದ ಊಟಕ್ಕೆ ಹೋಗುವುದು ಬಿಟ್ಟು ನಾಯಕಿಯರ ತುಟಿಗೆ ಬಣ್ಣ ಹಚ್ಚುತ್ತ ಕೂತದ್ದನ್ನು ಕಂಡು ಓಣಿಯ ಹಿರಿಯರು ಹಣೆ ಚಚ್ಚಿಕೊಂಡರು. ಆದರೂ ಅಯ್ಯನವರು ಅಯ್ಯನವರೇ. ಏಣಿಯ ಮೇಲೆ ನಿಂತವನ ಕಾಲಿಗೆ ಬಿದ್ದು ಹೋಗುವವರು ಹೋಗುತ್ತಲೇ ಇದ್ದರು, ಹಣೆಯ ಮೇಲೆ ಒಂದಿಷ್ಟು ಗುಲಾಬಿ ಬಣ್ಣ ಹತ್ತಿಸಿಕೊಂಡು.

ಅವನ ಉಸ್ತಾದ್ ಕಲಿಸಿದ ಪಾಠಗಳು ಮೂರು. ನಾಯಕನ ಕೆನ್ನೆಗೆ ಗುಲಾಬಿ. ಖಳನ ಕೆನ್ನೆಗೆ ಹಸಿರು. ಮೂರನೆಯದು ಮುಖ್ಯವಾದದ್ದು: ಮುಖದಲ್ಲಿ ಮೊದಲು ಹುಬ್ಬು ಬರೆಯಬೇಕು, ಹುಬ್ಬು ಕೂತರೆ ಮನುಷ್ಯ ಕೂತ ಹಾಗೆ. ಗುರುಲಿಂಗಯ್ಯನ ಹುಬ್ಬುಗಳಿಗೆ ಸೇಡಂವರೆಗೂ ಹೆಸರಿತ್ತು. ಒಂದು ಸಲ ಮಾತ್ರ ನಾಯಕನ ಹುಬ್ಬು ಖಳನಿಗೂ ಖಳನದು ನಾಯಕನಿಗೂ ಬಿದ್ದು, ಅಭಿಮಾನಿಗಳು ಏಣಿಯನ್ನು ಅವನ ಸಮೇತ ಅಲುಗಾಡಿಸಿದ್ದರು. ಅದನ್ನೂ ಅವನು ಕೀರ್ತಿಯ ಲೆಕ್ಕಕ್ಕೇ ಸೇರಿಸಿಕೊಂಡಿದ್ದ.

ಸಿನಿಮಾ ಅವನಿಗೆ ಬರೀ ಹೊಟ್ಟೆಪಾಡಾಗಿರಲಿಲ್ಲ. ಬರೆದ ಪ್ರತಿ ಚಿತ್ರವನ್ನೂ ನೋಡಿ, ನೋಡಿದ ಪ್ರತಿ ಚಿತ್ರದಿಂದಲೂ ಬದುಕು ತಿದ್ದಿಕೊಳ್ಳುತ್ತಿದ್ದ. ನಾಯಕ ಕುಡಿತ ಬಿಟ್ಟ ಚಿತ್ರ ನೋಡಿ ಬಂದು, ತನಗೆ ಕುಡಿತವಿಲ್ಲದ್ದರಿಂದ ಚಹಾ ಬಿಟ್ಟ. ಮೂರನೇ ದಿನ ತಲೆನೋವಿಗೆ ಹೆಂಡತಿ ವಿಮಲಾಬಾಯಿಯೇ ಚಹಾ ಕುಡಿಸಿ ಎಬ್ಬಿಸಿದಳು. ಮದುವೆಯಾದ ಹೊಸದರಲ್ಲಿ ಅವಳ ಕಣ್ಣು ಥೇಟ್ ಆ ವಾರದ ನಾಯಕಿಯ ಹಾಗಿವೆ ಅಂದಿದ್ದ. "ನನ್ನ ಕಣ್ಣು ನಮ್ಮವ್ವನ ಹಂಗ ಅವ. ಆಕಿ ಯಾರೋ ನಮ್ಮವ್ವನ ಹಂಗ ಇದ್ದರ ಅದು ಆಕಿ ನಸೀಬ" ಅಂದಿದ್ದಳು ವಿಮಲಾಬಾಯಿ. ಆಮೇಲೆ ಅವನು ಮನೆಯಲ್ಲಿ ಸಂಭಾಷಣೆ ಹೊಡೆಯುವುದನ್ನು ಕಡಿಮೆ ಮಾಡಿದ.

ಆ ಹತ್ತೊಂಬತ್ತು ವರ್ಷದ್ದು ಒಂದು ಚಿತ್ರವೂ ಉಳಿಯಲಿಲ್ಲ. ಗುರುವಾರ ಬಂತೆಂದರೆ ಹಳೆಯ ಬ್ಯಾನರಿಗೆ ಸುಣ್ಣ ಬಳಿದು, ಅದೇ ಬಟ್ಟೆಯ ಮೇಲೆ ಹೊಸ ನಾಯಕನನ್ನು ಬರೆಯುವುದು. ಮೊನ್ನೆಯ ದೇವರಂಥ ಮುಖಕ್ಕೆ ತಾನೇ ಕೈಯಾರೆ ಸುಣ್ಣ ಹೊಡೆಯಬೇಕು. ಬಟ್ಟೆ ಹರಿದ ಮೇಲೆ ಅದು ರೈತರ ಪಾಲು. ಒಮ್ಮೆ ರಾವೂರಿನ ಹೊಲದಲ್ಲಿ ತೊಗರಿ ರಾಶಿಯ ಮೇಲೆ ಹೊದಿಸಿದ್ದ ಬಟ್ಟೆಯಿಂದ ತಾನೇ ಬರೆದ ಒಂದು ಹುಬ್ಬು ತನ್ನನ್ನೇ ನೋಡುತ್ತಿದ್ದುದನ್ನು ಕಂಡು ಅವನು ಸೈಕಲ್ ಇಳಿದು ನಿಂತಿದ್ದ. ಆಮೇಲೆ ಫ್ಲೆಕ್ಸ್ ಬಂತು, ಟಾಕೀಸು ಮುಚ್ಚಿತು, ಅವನು ಟ್ರ್ಯಾಕ್ಟರಿನ ನಂಬರು, ಶಾಲೆಯ ಗೋಡೆಯ ನಕಾಶೆ ಬರೆಯುತ್ತ ಮುದುಕನಾದ. ಗೋಡೆಯ ಮೇಲೆ, ಉಳಿಯುವಂಥದ್ದು, ಕೆಳಗೆ ತನ್ನ ಹೆಸರಿರುವಂಥದ್ದು ಒಂದು ಬರೆದು ಕಣ್ಣು ಮುಚ್ಚಬೇಕು ಅನ್ನುವುದು ಅವನ ಆಸೆ. ಅದನ್ನು ಯಾರ ಮುಂದೂ ಹೇಳಿರಲಿಲ್ಲ.

ಹಾಗಾಗಿ ಚಿಂಚೋಳಿಯ ಅರಣ್ಯಾಧಿಕಾರಿ ದೇವಿಕಾ ಫೋನ್ ಮಾಡಿದಾಗ ಅವನು ಬಣ್ಣದ ಡಬ್ಬಿ ಕಟ್ಟಿಕೊಂಡು ಮೊದಲ ಬಸ್ಸಿಗೇ ಹೊರಟ. ಅಲ್ಲೇ ಪಕ್ಕದ ಚಂದಾಪುರದ ಒಂದು ಖೋಲಿಯಲ್ಲಿ ವಾಸ್ತವ್ಯ. ಮೂವತ್ತರ ಆಸುಪಾಸಿನ ದೇವಿಕಾ ಸಾವಕಾಶವಾಗಿ ಮಾತಾಡುವ ಹೆಣ್ಣುಮಗಳು.

"ಅಯ್ಯನೋರೆ, ಈ ಗ್ವಾಡಿ ಮುಂದ ದಿನಾ ಕುರಿ ಕಾಯೋರು ಹಾದು ಹೋಗ್ತಾರ. ಕುರಿ ಹಿಡೀತಾವಂತ ತ್ವಾಳಕ್ಕ ವಿಷ ಇಡ್ತಾರ. ಈಗ ಉಳದಿದ್ದೇ ಭಾಳ ಕಮ್ಮಿ. ಇದನ್ನ ನೋಡಿದವರು ವಿಷ ಇಡೋಕ್ಕಿಂತ ಮೊದಲ ಒಂದ್ಸಲ ತಡೀಬೇಕು, ಅಷ್ಟ ನೋಡ್ರಿ ನನಗ ಬೇಕಾದದ್ದು" ಎಂದು ತೋಳದ ನಾಲ್ಕು ಫೋಟೋ ಕೈಗಿತ್ತಳು.

"ಮೇಡಂ, ನಂಗ ತ್ವಾಳದ ಫೋಟೋ ಯಾಕ್ರಿ? ರಾವೂರ ಕಲ್ಲುಗಣಿಯಾಗ ಮಾರಿಗೆ ಮಾರಿ ಹಚ್ಚಿ ನಿಂತಂವ ನಾನು. ನನ್ನ ಕಣ್ಣು ನೋಡಿ ಅದೇ ಅಂಜಿ ಓಡಿತ್ತು" ಎಂದ ಗುರುಲಿಂಗಯ್ಯ, ಫೋಟೋಗಳನ್ನು ಕಿಸೆಗೆ ಹಾಕಿಕೊಂಡು. ಅದು ಅವನು ಮೂವತ್ತು ವರ್ಷದಿಂದ ಹೇಳುತ್ತ ಬಂದ ಕಥೆ. ಖರೆ ನಡೆದದ್ದಿಷ್ಟು: ಅದು ಗಣಿಯ ಗುತ್ತೇದಾರನ ನಾಯಿ, ಮತ್ತು ಓಡಿದ್ದು ಅದಲ್ಲ.

ನಾಲ್ಕು ದಿನದಲ್ಲಿ ಗೋಡೆ ತುಂಬಿತು. ನಡುವೆ ಎಂಟು ಅಡಿ ಎತ್ತರದ ಕೃಷ್ಣಮೃಗ, ಎದೆಯುಬ್ಬಿಸಿ ನಿಂತದ್ದು. ಅದರ ಹೆಗಲಿಗೆ ಆತು, ರೆಪ್ಪೆ ಬಾಗಿಸಿದ ಹೆಣ್ಣು ಜಿಂಕೆ, ಕೆನ್ನೆ ಗುಲಾಬಿ. ಕೆಳಗೆ ನಗೆಪಾತ್ರದ ಮೊಲ. ಬಲಮೂಲೆಯಲ್ಲಿ ಹಸಿರು ಕೆನ್ನೆಯ ತೋಳ, ಒಂದು ಹುಬ್ಬು ಮೇಲೇರಿಸಿ, ಬಾಯಿತುಂಬ ಹಲ್ಲು ಬಿಟ್ಟುಕೊಂಡು. ಒಟ್ಟಿನಲ್ಲಿ ಕಾಡು ಶುಕ್ರವಾರ ಬಿಡುಗಡೆಯಾಗುವುದಕ್ಕೆ ತಯಾರಾಗಿತ್ತು. ಗುರುಲಿಂಗಯ್ಯ ರಸ್ತೆಯಾಚೆ ನಿಂತು ನೋಡಿ, ನನ್ನ ಕೈ ಇನ್ನೂ ನಡುಗಿಲ್ಲ ಎಂದು ತನ್ನನ್ನೇ ಮೆಚ್ಚಿಕೊಂಡ.

ಆಗ ಕುರಿ ಹೊಡೆದುಕೊಂಡು ಭೀಮಮ್ಮ ಬಂದಳು. ಎಪ್ಪತ್ತರ ಹತ್ತಿರದ ಮುದುಕಿ, ಹೆಗಲಮೇಲೆ ಕಂಬಳಿ, ಕೈಯಲ್ಲಿ ಕೋಲು. ಗೋಡೆಯ ಮುಂದೆ ನಿಂತು, ಕೋಲಿನಿಂದ ತೋಳವನ್ನು ತೋರಿಸಿ, "ಇಂವ ಯಾವೂರ ಗೌಡನ್ರಿ?" ಎಂದಳು.

"ಗೌಡ ಅಲ್ಲಬೇ, ಅದು ತ್ವಾಳ."

"ಇದು ತ್ವಾಳಾ?" ಭೀಮಮ್ಮ ಸೆರಗು ಬಾಯಿಗಿಟ್ಟು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಇಂಥಾ ತ್ವಾಳ ನಮ್ಮ ಹಟ್ಟಿಗಿ ಬಂದರ ನಾ ಒಂದಲ್ಲ, ಎರಡು ಸಲ ವಿಷ ಹಾಕ್ತೀನಿ" ಎಂದಳು.

ಹಿಂದೆ ದೇವಿಕಾ ನಿಂತಿದ್ದಳು. ಅವಳು ಬೈಯಲಿಲ್ಲ, ಬೈದಿದ್ದರೆ ಚಲೋ ಇತ್ತು. "ಅಯ್ಯನೋರೆ, ಉಳದ ಪ್ರಾಣಿ ಇರಲಿ, ಮಕ್ಕಳಿಗೆ ಸೇರ್ತಾವ. ಆದರ ತ್ವಾಳ ಹಿಂಗ ಇದ್ದರ ಗ್ವಾಡಿ ಇರೋದಕ್ಕಿಂತ ಇಲ್ಲದ್ದೇ ಪಾಡ. ನಾಕು ದಿನಕ್ಕ ವನ್ಯಜೀವಿ ಸಪ್ತಾಹ ಶುರು. ಅಷ್ಟರಾಗ ಸರಿಯಾಗಲಿಲ್ಲಂದ್ರ ಪೂರಾ ಸುಣ್ಣ ಹೊಡಸ್ತೀನಿ. ತಪ್ಪು ತಿಳಕೋಬ್ಯಾಡ್ರಿ" ಎಂದಳು.

ಸುಣ್ಣ ಅನ್ನುವ ಮಾತು ಗುರುಲಿಂಗಯ್ಯನ ಎದೆಗೆ ನಾಟಿತು. ಇದೊಂದಾದರೂ ಉಳಿಯುತ್ತದೆ ಅಂದುಕೊಂಡಿದ್ದ, ಇದಕ್ಕೂ ಅದೇ ಗತಿ. ಸುದ್ದಿ ಹಬ್ಬಿ, ಹೋಗಿ ಬರುವವರೆಲ್ಲ ನಿಂತು ಒಂದೊಂದು ಸಲಹೆ ಕೊಟ್ಟರು. ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಅನ್ನುತ್ತಾರೆ, ಇಲ್ಲಿ ಬಿದ್ದದ್ದು ತೋಳ ಬರೆದವನು.

ಮರುದಿನ ಇಡೀ ದಿನ ತಿದ್ದಿದ. ಕಿಸೆಯ ಫೋಟೋಗಳನ್ನು ಎದುರಿಗಿಟ್ಟುಕೊಂಡರೂ ಕುಂಚ ಉಸ್ತಾದನ ಪಾಠವನ್ನೇ ಬರೆಯುತ್ತಿತ್ತು. ಹಸಿರು ತೆಗೆದು ಗುಲಾಬಿ ಹಚ್ಚಿದರೆ ತೋಳ ಶ್ರೀಶೈಲಕ್ಕೆ ಹೋಗಿ ಬಂದ ನಾಯಕನ ಹಾಗೆ ಕಂಡಿತು. ಹಲ್ಲು ಮುಚ್ಚಿಸಿದರೆ ಹಲ್ಲುನೋವಿನ ಕಳೆ ಬಂತು. ಫೋನಿನಲ್ಲಿ ಗೋಡೆಯ ಫೋಟೋ ಹೊಡೆದು ವಿಮಲಾಬಾಯಿಗೆ ಕಳಿಸಿದ. ಅವಳು ತಕ್ಷಣ ಫೋನ್ ಮಾಡಿದಳು.

"ಇದೇನ್ರಿ, ನಮ್ಮಣ್ಣನ ಚಿತ್ರ ಬರೀಲಿಕತ್ತೀರಿ?"

"ತ್ವಾಳ ಅದು."

"ಹುಬ್ಬು ನಮ್ಮಣ್ಣಂದೇ ಅವ." ಹಾಗೇ ಅವಳು ಕೇಳಿದಳು, "ಖರೇ ಹೇಳ್ರಿ. ಕಲ್ಲುಗಣಿಯಾಗ ನೋಡಿದ್ದು ತ್ವಾಳ ಅಲ್ಲ, ಹೌದಲ್ಲೊ? ಆವತ್ತು ಧೋತರ ಹರಕೊಂಡು ಬಂದಿದ್ರಿ. ಹೊಲದಾಕಿ ನಾನು, ನಾಯಿ ಹಲ್ಲಿನ ಗುರ್ತು ನನಗ ಗೊತ್ತಾಗ್ತದ."

ಮೂವತ್ತು ವರ್ಷ ಅವಳು ಆ ಕಥೆಯನ್ನು ಬೀಗರ ಮುಂದೆ, ಮಕ್ಕಳ ಮುಂದೆ ತುಟಿಪಿಟಕ್ಕೆನ್ನದೆ ಕೇಳಿಸಿಕೊಂಡಿದ್ದಳು. ಗುರುಲಿಂಗಯ್ಯನಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಇಂಥ ಹೆಂಡತಿಯ ಮೇಲೆ ಪ್ರೀತಿ ಉಕ್ಕಿತು. ಎರಡನ್ನೂ ನುಂಗಿಕೊಂಡು, "ನಾಯಿ ಭಾಳ ದೊಡ್ಡದಿತ್ತು" ಎಂದ.

ಸಂಜೆ ಭೀಮಮ್ಮನ ಹಟ್ಟಿಗೆ ಹೋಗಿ, ತಾನು ತೋಳವನ್ನು ನೋಡೇ ಇಲ್ಲವೆಂದು ಒಪ್ಪಿಕೊಂಡು, ತೋರಿಸು ಎಂದು ಕೈ ಮುಗಿದ. ಅಯ್ಯನವರು ಕೈ ಮುಗಿದದ್ದಕ್ಕೆ ಮುದುಕಿ ಗಾಬರಿಯಾದಳು.

"ತ್ವಾಳ ಏನ್ ಸಿನಿಮಾ ಏನ್ರಿ ಅಯ್ಯನೋರೆ, ಮೂರು ಆಟ ಇರಲಿಕ್ಕ? ಬಂದರ ಬಂತು, ಇಲ್ಲಂದರ ಇಲ್ಲ. ನಸಿಕಿನ್ಯಾಗ ಬರ್ರಿ. ಬಾಯಿ ಮುಚ್ಚಿ ಕುಂದ್ರಬೇಕು, ಅದು ನಿಮ್ಮಿಂದ ಆಗ್ತದೇನು?"

ಮೊದಲ ನಸುಕಿನಲ್ಲಿ ತೋಳ ಬರಲಿಲ್ಲ. ಎರಡನೆಯದು ಕೊನೆಯದು, ಮರುದಿನ ಬೆಳಗ್ಗೆ ಸಪ್ತಾಹ ಶುರುವಾಗಬೇಕು. ತೊಗರಿ ಹೊಲದ ಬದುವಿನ ಮೇಲೆ, ಕರಿಕಲ್ಲಿಗೆ ಆತು ಇಬ್ಬರೂ ಕೂತಿದ್ದರು. ಗುರುಲಿಂಗಯ್ಯನಿಗೆ ಕಾಲು ಜೋಮು ಹಿಡಿಯಿತು, ಕೆಮ್ಮು ಬಂತು, ಎರಡನ್ನೂ ತಡೆದ. ಕಂಡ ಸಿನಿಮಾಗಳನ್ನೆಲ್ಲ ನೆನೆದ. ಅನ್ಯಾಯ ಕಂಡರೆ ಎದ್ದು ನಿಲ್ಲಬೇಕು, ಬೆಂಕಿ ಕಂಡರೆ ಒಳಗೆ ನುಗ್ಗಬೇಕು ಎಂದು ಎಲ್ಲವೂ ಕಲಿಸಿದ್ದವು. ಸುಮ್ಮನೆ ಕೂರುವುದನ್ನು ಒಂದೂ ಕಲಿಸಿರಲಿಲ್ಲ.

"ನಿಂಗ ಅದರ ಮ್ಯಾಲ ಸಿಟ್ಟಿಲ್ಲೇನಬೇ?" ಎಂದು ಪಿಸುಗುಟ್ಟಿದ.

"ಸಿಟ್ಟಿಲ್ದ ಏನ್ರಿ? ಹ್ವಾದ ವರ್ಷ ಎರಡು ಮರಿ ಒಯ್ದದ, ಎರಡು ದಿನ ಉಂಡಿಲ್ಲ ನಾನು. ಆದರ ಹಿಂಡಿನಾಗ ತ್ವಾಳಂದೂ ಒಂದು ಪಾಲು ಅದ ಅಂತಿದ್ದಳು ನಮ್ಮವ್ವ. ಅದರ ಮಾರಿ ಯಾರು ನೋಡ್ತಾರ್ರಿ, ನಾವು ಹೊಟ್ಟಿ ನೋಡ್ತೀವಿ. ಹೊಟ್ಟಿ ಬೆನ್ನಿಗಿ ಹತ್ತಿದ್ರ ಕೋಲು ತಗೊಂತೀವಿ. ಹೊಟ್ಟಿ ತುಂಬಿತ್ತಂದ್ರ ಕಲ್ಲು ಸುದ್ದಾ ಒಗ್ಯಾಂಗಿಲ್ಲ." ಅಷ್ಟು ಹೇಳಿ ಮುದುಕಿ ಅವನ ಮೊಣಕೈ ಹಿಡಿದಳು. "ನೋಡ್ರಿ."

ಅವನಿಗೆ ಮೊದಲು ಕಂಡದ್ದು ನಾಯಿ. ನಾಯಿಯೆಂದು ಕಂಡೊಡನೆ ಹಳೆಯ ಅಭ್ಯಾಸಬಲದಿಂದ ಭೀಮಮ್ಮನ ಕಂಬಳಿಯ ಹಿಂದೆ ಸರಿದ. ಮಣ್ಣಿನ ಬಣ್ಣ, ಉದ್ದ ಕಾಲು, ದುಂಡಗಿನ ಪಕ್ಕೆ, ಇಳಿಬಿಟ್ಟ ಬಾಲ. ವಾಡಿಯ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಮನೆಗೆ ಹೋಗುವವನ ಹಾಗೆ, ತಲೆ ತಗ್ಗಿಸಿಕೊಂಡು ಬದುವಿನಗುಂಟ ನಡೆದಿತ್ತು. ಈಗ ತಿರುಗೀತು, ಈಗ ನೋಡೀತು ಎಂದು ಅವನು ಉಸಿರು ಹಿಡಿದು ಕಾದ. ಜೀವಮಾನದಲ್ಲಿ ಅವನು ಬರೆದ ಮುಖಗಳೆಲ್ಲ ನೋಡುವವರನ್ನೇ ನೋಡುತ್ತಿದ್ದವು, ಚಪ್ಪಾಳೆಗೆ ಕಾಯುತ್ತಿದ್ದವು. ಇದು ತಿರುಗಲಿಲ್ಲ. ಶಹಾಬಾದಿನ ಪ್ರಖ್ಯಾತ ಪೇಂಟರ್ ಇಲ್ಲಿ ಕೂತಿದ್ದಾನೆ ಅನ್ನುವುದು ಅದಕ್ಕೆ ಬೇಕಾಗಿಯೇ ಇರಲಿಲ್ಲ. ತೊಗರಿಯ ಸಾಲಿನೊಳಗೆ ಹೊಕ್ಕಿತು, ಎರಡು ಗಿಡ ಅಲುಗಿದವು, ಆಮೇಲೆ ಅದೂ ಇಲ್ಲ.

ಗುರುಲಿಂಗಯ್ಯನ ಕಣ್ಣಲ್ಲಿ ನೀರು ಬಂದಿತ್ತು. ಯಾವ ದುಃಖದ ಚಿತ್ರಕ್ಕೂ ಅವನು ಇಷ್ಟು ಸದ್ದಿಲ್ಲದೆ ಅತ್ತಿರಲಿಲ್ಲ. ಫೋನಿನಲ್ಲಿ ಫೋಟೋ ತೆಗೆಯುವುದು ಮರೆತೇ ಹೋಗಿತ್ತು.

ಬಿಸಿಲೇರುವ ಮುಂಚೆ ಗೋಡೆಯ ಮುಂದೆ ಬಂದು ನಿಂತ. ಬಲಮೂಲೆಯ ತೋಳಕ್ಕೆ ತಾನೇ ಸುಣ್ಣ ಹೊಡೆದ. ಈ ಸಲ ಕೈಗೆ ನೋವಾಗಲಿಲ್ಲ. ಒಣಗಿದ ಮೇಲೆ ಅಲ್ಲಿ ಬದು ಬರೆದ, ತೊಗರಿ ಬರೆದ, ನಡುವೆ ಒಂದು ಮೊಳ ಉದ್ದದ ತೋಳ ಬರೆದ. ಬೆನ್ನು ಈ ಕಡೆ, ಮುಖ ತೊಗರಿಯ ಕಡೆ. ಕಣ್ಣಿಲ್ಲ, ಹಲ್ಲಿಲ್ಲ, ಹುಬ್ಬಂತೂ ಇಲ್ಲವೇ ಇಲ್ಲ. ಕೈ ತಾನಾಗಿಯೇ ಎರಡು ಸಲ ಹುಬ್ಬಿನ ಕಡೆಗೆ ಹೋಯಿತು, ಎರಡು ಸಲವೂ ಎಡಗೈಯಿಂದ ಹಿಡಿದು ಹಿಂದಕ್ಕೆಳೆದ. ಸಂಜೆ ಬಂದು ನೋಡಿದ ದೇವಿಕಾ, "ಕುರಿಯವರು ಏನಂತಾರ ನೋಡೋಣ್ರಿ" ಎಂದಷ್ಟೇ ಹೇಳಿ ಹೋದಳು.

ಮರುದಿನ ಸಪ್ತಾಹಕ್ಕೆ ಬಂದ ಜನ ಕೃಷ್ಣಮೃಗದ ಮುಂದೆ ಸೆಲ್ಫಿ ತೆಗೆಸಿಕೊಂಡರು. ತೋಳ ಎಲ್ಲಿ ಅಂತ ಕೇಳಿದವರೇ ಹೆಚ್ಚು. ತೋರಿಸಿದರೆ, "ಅಯ್ಯ, ಮಾರಿನೇ ಬರದಿಲ್ಲಲ್ರಿ, ಬಣ್ಣ ಸಾಲಲಿಲ್ಲೇನು?" ಎಂದರು. ಗುರುಲಿಂಗಯ್ಯ ಹೌದು ಹೌದು ಎಂದು ತಲೆಯಾಡಿಸಿದ. ದೇವಿಕಾಳ ಕಣ್ಣು ರಸ್ತೆಯ ಕಡೆಗಿತ್ತು, ಕಚೇರಿಯ ಬಾಗಿಲ ಹಿಂದೆ ಸುಣ್ಣದ ಬಕೀಟು ಹಾಗೇ ಇತ್ತು.

ಹತ್ತರ ಹೊತ್ತಿಗೆ ಭೀಮಮ್ಮನ ಕುರಿ ಬಂದವು. ಮುದುಕಿ ಗೋಡೆಯನ್ನು ದಾಟಿ ಹೋದವಳು ಗಕ್ಕನೆ ನಿಂತು, ಹಿಂದಿರುಗಿ ಬಲಮೂಲೆಗೆ ನೋಡಿದಳು. ನಗಲಿಲ್ಲ. ಗೋಡೆಗೆ ಬೆನ್ನು ಹಾಕಿ, ಕೋಲು ಚಾಚಿ ತನ್ನ ಮರಿಗಳನ್ನು ಒಂದೊಂದಾಗಿ ಎಣಿಸಿದಳು. ಹದಿನಾಲ್ಕೂ ಇದ್ದವು. ಆಮೇಲೆ ಮತ್ತೆ ಗೋಡೆಯ ಹತ್ತಿರ ಬಂದು, ಬಗ್ಗಿ, ತೋಳವನ್ನು ಪಕ್ಕೆಯಿಂದ ಬಾಲದವರೆಗೆ ಪರೀಕ್ಷಿಸಿದಳು.

"ಹೊಟ್ಟಿ ತುಂಬ್ಯಾದ" ಎಂದಳು ಯಾರಿಗೆಂದಿಲ್ಲದೆ. "ಹೋಗಲಿ ಬಿಡ್ರಿ."

ದೇವಿಕಾ ಗುರುಲಿಂಗಯ್ಯನ ಕಡೆ ತಿರುಗಿ, "ಅಯ್ಯನೋರೆ, ಹೆಸರು ಹಾಕ್ರಿ" ಎಂದಳು. ಅವನು ಡಬ್ಬಿಯಲ್ಲಿ ಉಳಿದಿದ್ದ ಮಣ್ಣಿನ ಬಣ್ಣಕ್ಕೆ ಕುಂಚ ಅದ್ದಿ, ಮೊಣಕಾಲೂರಿ ಕೂತು, ತೋಳ ನಡೆದು ಹೋದ ದಾರಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಹೆಸರು ಬರೆದ.